ಬದುಕಿರುವವನ ಹೆಸರಿಗೆ ಗೋಧಿ

ವೆಲೆಸ್, ೧೯೦೨ ಅಕ್ಟೋಬರ್ ೯

ಮಗನೇ ಕುಜ್ಮನ್,

ಈ ಕಾಗದ ನಿನ್ನ ಕೈ ಸೇರಿದರೆ ನೀನು ಬದುಕಿದ್ದೀಯ ಎಂದು ಅರ್ಥ. ಸೇರದಿದ್ದರೆ, ನಿನ್ನೆ ನಾನು ಸರ್ಕಾರದ ಮುಂದೆ ಹೇಳಿದ್ದು ಸುಳ್ಳಲ್ಲ ಎಂದು ಅರ್ಥ. ಎರಡರಲ್ಲಿ ಯಾವುದೆಂದು ತಿಳಿಯದೆ ನಿನ್ನೆಯಿಂದ ನೀರೂ ಇಳಿಯುತ್ತಿಲ್ಲ.

ನಿನ್ನೆ ಬೆಳಿಗ್ಗೆ ಅಂಗಡಿ ತೆರೆಯುವಷ್ಟರಲ್ಲಿ ಪೊಲೀಸರು ಬಂದು ನನ್ನನ್ನು ಕಚೇರಿಯ ಅಂಗಳಕ್ಕೆ ಕರೆದುಕೊಂಡು ಹೋದರು. ಅಲ್ಲೊಂದು ಎತ್ತಿನ ಗಾಡಿ, ಗಾಡಿಯ ಮೇಲೆ ಚಾಪೆ ಮುಚ್ಚಿದ ಹೆಣ. ಬೆಟ್ಟದ ಹಳ್ಳಿಯೊಂದರಲ್ಲಿ ಕಾಳಗವಾಗಿ, ಉರಿಯುತ್ತಿದ್ದ ತೊಲೆ ಅವನ ಮುಖದ ಮೇಲೆ ಬಿದ್ದಿತ್ತಂತೆ. ಮುಖ ಎಂಬುದು ಉಳಿದಿರಲಿಲ್ಲ. ಮೈಮೇಲಿನ ಕೋಟು ಉಳಿದಿತ್ತು. ಪೊಲೀಸ್ ಕ್ಯಾಪ್ಟನ್ ಶಾಕಿರ್ ಎಫೆಂದಿ ಅದರ ಅಂಚು ಹಿಡಿದು ತೋರಿಸಿದ.

“ನೋಡಿ ಸಾಹುಕಾರ್ರೆ. ಈ ಉಣ್ಣೆ ಬಟ್ಟೆ ಊರಲ್ಲಿ ಯಾರು ಮಾರ್ತಾರೆ?”

“ನಾನೇ ಎಫೆಂದಿಯವರೇ. ನಿಮ್ಮ ಸಿಪಾಯಿಗಳು ಹಾಕ್ಕೊಂಡಿರೋದೂ ನನ್ನಂಗಡೀದೇ.”

“ತಮಾಷೆ ಬೇಡ. ಈ ಕೋಟು ಯಾರದು?”

ನಿನ್ನ ಕೋಟು ನನಗೆ ತಿಳಿಯದೇ? ನೀನು ಗಡಿಯಾಚೆ ಸೋಫಿಯಾದ ಸೈನಿಕ ಶಾಲೆ ಮುಗಿಸಿ ಲೆಫ್ಟಿನೆಂಟ್ ಆದ ವರ್ಷ ನಾನೇ ಬಟ್ಟೆ ಕತ್ತರಿಸಿ ಹೊಲಿಸಿ ಕಳಿಸಿದ್ದು. ಆದರೆ ನನ್ನ ಕಣ್ಣು ಹೋದದ್ದು ತೋಳಿನ ಕಡೆಗೆ. ಆ ತೋಳು ಸತ್ತವನ ಬೆರಳುಗಳನ್ನೂ ದಾಟಿ ಕೆಳಗೆ ಇಳಿದಿತ್ತು. ನಿನಗೆ ಅದು ಮಣಿಕಟ್ಟಿಗೆ ಸರಿಯಾಗಿ ನಿಲ್ಲುತ್ತಿತ್ತು. ಕೋಟು ನಿನ್ನದು, ಒಳಗಿದ್ದವನು ನೀನಲ್ಲ.

ಯೋಚನೆ ಪೂರ್ತಿಯಾಗುವ ಮೊದಲೇ ಬಾಯಿ ಮಾತಾಡಿತು. “ನನ್ನ ಮಗ,” ಎಂದೆ.

ನಾನು ವ್ಯಾಪಾರಿ. ಎದುರಿನವನು ಕೊಳ್ಳಲೆಂದೇ ಬಂದು ನಿಂತಾಗ ಸರಕಿಲ್ಲ ಎನ್ನುವವನು ಅಂಗಡಿ ಇಡಬಾರದು. ಕ್ಯಾಪ್ಟನ್‌ಗೆ ನೀನು ಸತ್ತಿರಬೇಕಿತ್ತು; ಮೇಲಿನವರಿಗೆ ತಂತಿ ಕಳಿಸಬೇಕಿತ್ತು. ನನಗೆ ನೀನು ಬದುಕಬೇಕಿತ್ತು. ಸತ್ತವನನ್ನು ಯಾರೂ ಬೆಟ್ಟಬೆಟ್ಟ ಹುಡುಕುವುದಿಲ್ಲ. ಸಂಬಳ, ಕುದುರೆ, ಬೆನ್ನಿಗೊಂದು ಸೈನ್ಯ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಗಡಿ ದಾಟಿ ಬಂದು, ಸುಲ್ತಾನನ ವಿರುದ್ಧ ಪಡೆ ಕಟ್ಟಿದ ದಿನದಿಂದ ನಿನ್ನ ತಲೆಯ ಮೇಲೆ ಬಹುಮಾನವಿದೆ, ನನ್ನ, ನಿಮ್ಮಮ್ಮನ ತಲೆಯ ಮೇಲೆ ಅನಾತೋಲಿಯಾಕ್ಕೆ ಗಡೀಪಾರಿನ ಬೆದರಿಕೆಯಿದೆ. ಎರಡೂ ನಿನ್ನೆ ಒಂದೇ ಮಾತಿಗೆ ತಣ್ಣಗಾದವು. ಜನ ಸೇರಿಯಾರು ಎಂದು ಹೆಣವನ್ನು ನಮಗೆ ಕೊಡದೆ ಅವರೇ ಹೂತರು. ಅದೂ ಒಳ್ಳೆಯದೇ.

ಇದನ್ನು ತ್ರೇನಾ ಅಜ್ಜಿ ನೂಲುವ ಉಣ್ಣೆಯ ಉಂಡೆಯೊಳಗಿಟ್ಟು ತರುತ್ತಾಳೆ. ಓದಿ ಸುಡು. ಬದುಕಿದ್ದರೆ ಒಂದು ಸಾಲು ಬರೆ. ಬರೆದ ಮೇಲೆ ಸತ್ತೇ ಇರು.

ನಿನ್ನ ಅಪ್ಪ,
ಜಫಿರ್


ಬೆಟ್ಟದಿಂದ, ಅಕ್ಟೋಬರ್ ೧೭

ಅಪ್ಪ,

ಬದುಕಿದ್ದೇನೆ. ಎಡತೊಡೆಗೆ ಗುಂಡು ಹೊಕ್ಕು ಹೊರಬಂದಿದೆ. ಮೂಳೆ ಮುಟ್ಟಿಲ್ಲ.

ಗಾಡಿಯ ಮೇಲೆ ನೀವು ನೋಡಿದವನ ಹೆಸರು ಸ್ಟಾಮೆನ್. ನನ್ನ ರೆಜಿಮೆಂಟಿನ ಸಾರ್ಜೆಂಟ್. ನಾನು ರಾಜೀನಾಮೆ ಕೊಟ್ಟ ಮಾರನೆಯ ದಿನ ಅವನೂ ಕೊಟ್ಟ. ಯಾಕೋ ಎಂದರೆ, “ಬೈಸಿಕೊಳ್ಳೋದಾದ್ರೆ ನಿಮ್ಮ ಹತ್ರಾನೇ ಬೈಸಿಕೊಳ್ತೀನಿ, ಹೊಸಬರ ಬೈಗುಳ ಒಗ್ಗಲ್ಲ,” ಎಂದ. ಆ ರಾತ್ರಿ ಅವನಿಗೆ ಜ್ವರ. ನನ್ನ ಕೋಟು ಹೊದಿಸಿದ್ದೆ. ನಡೆಯಲಾರೆನೆಂದು ತಿಳಿದಾಗ ಕಿಟಕಿಯ ಬಳಿ ಕೂತು ಗುಂಡು ಹಾರಿಸುತ್ತಲೇ ಇದ್ದ. ನಾವು ಹಳ್ಳದ ದಾರಿಯಲ್ಲಿ ಇಳಿದೆವು. ತನ್ನ ಹೆಸರಿನಲ್ಲಿ ಸಾಯುವ ಭಾಗ್ಯವೂ ಅವನಿಗೆ ಸಿಗದ ಹಾಗೆ ಮಾಡಿದಿರಿ ಅಪ್ಪ. ಬೇಸರ ಮಾಡಿಕೊಳ್ಳಬೇಡಿ, ನಿಜ ಹಾಗೇ ಇದೆ.

ಸತ್ತಂತೆ ನಟಿಸುವುದು ಅಧಿಕಾರಿಯ ಕೆಲಸವಲ್ಲ ಎಂದು ನನ್ನ ಜನರಿಗೆ ಹೇಳಿದೆ. ಅವರು ನನ್ನ ಕಾಲು ತೋರಿಸಿದರು. ಹಿಮ ಬೀಳುತ್ತದೆ, ಹೆಜ್ಜೆ ಮೂಡುತ್ತದೆ, ಕುಂಟುವವನ ಹೆಜ್ಜೆ ಇನ್ನೂ ಚೆನ್ನಾಗಿ ಮೂಡುತ್ತದೆ. ಆದ್ದರಿಂದ ಹಿಮ ಕರಗುವವರೆಗೆ ನಿಮ್ಮ ಮಾತಿನಂತೆ ಸತ್ತಿರುತ್ತೇನೆ. ಪಡೆಯಲ್ಲೂ ಹತ್ತಿರದ ಕೆಲವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.

ಒಂದು ಲಾಭವಿದೆ. ಇಲ್ಲಿನವರಿಗೆ ವೋಯಿವೋದ ಎಂದರೆ ಬರೀ ಪಡೆಯ ನಾಯಕನಲ್ಲ; ನ್ಯಾಯಾಧೀಶ, ಮದುವೆ ದಲ್ಲಾಳಿ, ಪಶುವೈದ್ಯ ಎಲ್ಲವೂ. ಕಾಳಗದ ಹಿಂದಿನ ಸಂಜೆ ಒಂದು ಮೇಕೆ ಯಾರದೆಂದು ತೀರ್ಪು ಕೊಡುತ್ತಾ ಕೂತಿದ್ದೆ. ಸೋತ ಹೆಂಗಸು, “ನೀನ್ಯಾವ ಸೀಮೆ ವೋಯಿವೋದನಪ್ಪ! ಮೇಕೆ ಮುಖ ನೋಡಿದ್ರೆ ನಂದು ಅಂತ ಗೊತ್ತಾಗಲ್ವಾ?” ಎಂದು ಬೈದು ಹೋದಳು. ಸತ್ತವನಿಗೆ ಆ ಕಾಟವೊಂದಿಲ್ಲ.

ಅಮ್ಮನಿಗೆ ನಿಜ ಹೇಳಿ. ಅವಳಿಗೆ ಮಾತ್ರ ಸುಳ್ಳು ಬೇಡ.

ಕುಜ್ಮನ್


ವೆಲೆಸ್, ಅಕ್ಟೋಬರ್ ೨೮

ಮಗನೇ,

ನಿನ್ನ ಸಾಲು ಓದಿ ಮೊದಲ ಸಲ ಹೊಟ್ಟೆ ತುಂಬ ಉಂಡೆ. ಆಮೇಲೆ ನಿನ್ನ ಮಾತು ಕೇಳಿ ನಿಮ್ಮಮ್ಮನಿಗೆ ನಿಜ ಹೇಳಿದೆ. ಹೇಳಿದ್ದೇ ಎಡವಟ್ಟಾಯಿತು.

ಹೇಳದಿದ್ದರೆ ಅವಳು ಊರ ಉಳಿದ ತಾಯಂದಿರಂತೆ ಅತ್ತು, ಕಪ್ಪು ಉಟ್ಟು, ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದಳು. ಈಗ ಕಪ್ಪು ಉಟ್ಟಿದ್ದಾಳೆ, ಅಷ್ಟೇ. ಅದೂ ಅವಳ ಅಕ್ಕನ ಮಾವ ಸತ್ತ ನೆಪ ಹೇಳಿ ನನ್ನ ಕಿವಿಯಲ್ಲಿ ಪಿಸುಗುಟ್ಟಿ. ಮೂರನೆಯ ದಿನಕ್ಕೂ ಒಂಬತ್ತನೆಯ ದಿನಕ್ಕೂ ನಿಜವಾಗಿಯೇ ಹಾಸಿಗೆ ಹಿಡಿದಿದ್ದಳು; ಇಪ್ಪತ್ತನೆಯ ದಿನ ಬೇಕೆಂದೇ ಸತ್ತವನ ಹೆಸರಿನ ಗೋಧಿ ಬೇಯಿಸಲಿಲ್ಲ. “ಇನ್ನೂ ಹಾಸಿಗೆಯಲ್ಲೇ ಇದ್ದಾಳೆ,” ಎಂದು ಬಂದವರಿಗೆ ಹೇಳಿ ಕಳಿಸಿದೆ. ಈಗ ಸತ್ತವರ ಶನಿವಾರ ಬರುತ್ತಿದೆ. ಅವತ್ತು ಗೋಧಿಯ ಬಟ್ಟಲು ಹೊತ್ತು ಚರ್ಚಿಗೆ ಹೋಗದ ಮನೆ ಈ ಊರಲ್ಲಿಲ್ಲ. ಹೊಸದಾಗಿ ಸಾವಾದ ಮನೆಯಂತೂ ಎಲ್ಲರಿಗಿಂತ ಮುಂದೆ ನಿಲ್ಲಬೇಕು. ಪಾದ್ರಿ ಆ ಹೆಸರನ್ನೇ ಮೊದಲು ಓದಬೇಕು. ಇದು ನಮಗೆಷ್ಟು ಗೊತ್ತೋ, ನಮ್ಮ ನಡುವೆ ಕೂದಲು ಹಣ್ಣಾದ ಶಾಕಿರ್ ಎಫೆಂದಿಗೂ ಅಷ್ಟೇ ಗೊತ್ತು.

ಮೊನ್ನೆ ಅಂಗಡಿಗೆ ಬಂದು ಬಟ್ಟೆ ಮುಟ್ಟಿ ಮುಟ್ಟಿ ನೋಡಿದ. “ಸಾಹುಕಾರ್ರೆ, ಶನಿವಾರ ನಿಮ್ಮನೆ ಗೋಧಿ ನನಗೂ ಒಂದು ಹಿಡಿ ಕಳಿಸಿ. ಅಕ್ರೋಟು ಜಾಸ್ತಿ ಇರ್ಲಿ. ಹೋದ್ಸಲ ಪಕ್ಕದ ಬೀದಿಯೋರು ಬರೀ ಸಕ್ಕರೇಲಿ ಮುಗಿಸಿದ್ರು,” ಎಂದ. ಹೋಗುವಾಗ ಬೆಲೆ ಕೇಳಲಿಲ್ಲ. ಬೆಲೆ ಕೇಳದೆ ಹೋದವನು ಬಟ್ಟೆಗೆ ಬಂದವನಲ್ಲ.

ಮನೆಗೆ ಬಂದು ಹೇಳಿದೆ: “ವೆಲಿಕಾ, ಗೋಧಿ ನೆನೆಹಾಕು.”

“ಯಾರಿಗೆ?”

“ಯಾರಿಗೆ ಅಂದ್ರೆ? ಮಗನಿಗೆ.”

“ಮಗ ಬಂದ್ರೆ ಕೋಳಿ ಕುಯ್ದು ಅಡುಗೆ ಮಾಡ್ತೀನಿ. ಗೋಧಿ ಬೇಯ್ಸಲ್ಲ.”

“ಬರೀ ಗೋಧಿ ಕಣೆ. ಸಕ್ಕರೆ, ಅಕ್ರೋಟು. ಬೀದಿ ಮಕ್ಕಳು ತಿಂತವೆ, ಮುಗೀತು.”

“ಬರೀ ಗೋಧಿನಾ? ಸರಿ ಹಂಗಾದ್ರೆ, ನಿಮ್ಮ ಹೆಸರಿಗೆ ಬೇಯ್ಸ್ತೀನಿ. ಪಾದ್ರಿ ಬಾಯಲ್ಲಿ ‘ಜಫಿರ್’ ಅಂತ ಓದಿಸ್ತೀನಿ. ಆಗ್ಬಹುದಾ?”

ನಾನು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡೆ. ಅದನ್ನು ಅವಳು ನೋಡಿಬಿಟ್ಟಳು.

“ನೋಡಿ, ಕೈ ತಾನಾಗೇ ಎದೆಗೆ ಹೋಯ್ತು ನಿಮಗೆ. ಅರವತ್ತು ದಾಟಿದ ಮುದುಕನಿಗೇ ಹಿಂಗಾದ್ರೆ, ನನ್ನ ಹುಡುಗನ ಹೆಸರನ್ನ ಆ ಸಾಲಲ್ಲಿ ಕೂರ್ಸಿ ಅಂತ ಹೆಂಗೆ ಕೇಳ್ತೀರಿ? ಬದುಕಿರೋರ ಹೆಸರನ್ನ ಸತ್ತೋರ ಜೊತೆ ಕರೆದ್ರೆ ಅವರು ಓಗೊಡ್ತಾರೆ ಕಣ್ರೀ. ಎದ್ದು ಹೋಗ್ತಾರೆ.”

ಮನೆಯಲ್ಲಿದ್ದ ಗೋಧಿಯನ್ನೆಲ್ಲ ಕೋಳಿಗಳಿಗೆ ಸುರಿದಳು. ಕೋಳಿಗಳು ಅಷ್ಟು ಸುಖ ಎಂದೂ ಕಂಡಿರಲಿಲ್ಲ.

ಅವಳು ಮಾಡದಿದ್ದರೆ ನೀನು ಬದುಕಿರುವುದು ಶನಿವಾರ ಮಧ್ಯಾಹ್ನದೊಳಗೆ ಕ್ಯಾಪ್ಟನ್‌ಗೆ ತಿಳಿಯುತ್ತದೆ. ಪಾದ್ರಿ ಗ್ಲಿಗೋರನ ಹೆಂಡತಿಗೆ, “ವೆಲಿಕಾಗೆ ಕೈಕಾಲು ಆಡ್ತಿಲ್ಲ, ನೀವೇ ಒಂದು ಬಟ್ಟಲು ಮಾಡಿಕೊಡಿ ತಾಯಿ,” ಎಂದು ಹೇಳಿ ಬಂದಿದ್ದೇನೆ. ನಿಮ್ಮಮ್ಮನಿಗೆ ತಿಳಿಸಿಲ್ಲ.

ಅಪ್ಪ


ವೆಲೆಸ್, ನವೆಂಬರ್ ೩

ಮಗನೇ,

ನಿನ್ನೆ ನಡೆದದ್ದನ್ನು ಯಾವ ಕಡೆಯಿಂದ ಬರೆಯಲಿ ಎಂದು ತಿಳಿಯುತ್ತಿಲ್ಲ.

ಚರ್ಚಿಗೆ ಬರುವುದು ಬೇಡ ಎಂದು ನಿಮ್ಮಮ್ಮನಿಗೆ ಹೇಳಿದ್ದೆ. ಅಷ್ಟು ಹೇಳಿದ್ದೇ ಸಾಕಾಯಿತು, ಬಂದಳು. ಹೆಂಗಸರ ಕಡೆ ಹಿಂದೆ ನಿಂತಿದ್ದಳು. ಮೇಜಿನ ಮೇಲೆ ಎಲ್ಲರ ಬಟ್ಟಲುಗಳು, ಪ್ರತಿಯೊಂದರಲ್ಲೂ ಒಂದು ಉರಿಯುವ ಮೇಣದ ಬತ್ತಿ. ಶಾಕಿರ್ ಎಫೆಂದಿ ಒಳಗೆ ಬರಲಿಲ್ಲ. ಹೊರಜಗುಲಿಯ ಕಂಬಕ್ಕೆ ಒರಗಿ, ನಮ್ಮ ಸತ್ತವರಿಗೆ ಮರ್ಯಾದೆ ಕೊಡಲು ಬಂದವನ ಹಾಗೆ ನಿಂತಿದ್ದ.

ಪಾದ್ರಿ ಚೀಟಿ ತೆಗೆದು ಓದಲು ಬಾಯಿ ತೆರೆದ. “ಕುಜ್ಮನ್—”

“ಇಲ್ಲ!”

ಇಡೀ ಚರ್ಚು ತಿರುಗಿತು. ನಿಮ್ಮಮ್ಮ ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದಳು.

“ಆ ಹೆಸರು ತೆಗೀರಿ ಫಾದರ್! ನನ್ನ ಮಗ ಸತ್ತಿಲ್ಲ. ಬದುಕಿದ್ದಾನೆ. ಕೇಳಿಸ್ತಾ ಎಲ್ಲರಿಗೂ? ಬದುಕಿದ್ದಾನೆ!”

ಮುಂದಿದ್ದ ನಮ್ಮ ಬಟ್ಟಲು ಎತ್ತಿ ನೆಲಕ್ಕೆ ಬಡಿದಳು. ಗೋಧಿ, ಅಕ್ರೋಟು, ಸಕ್ಕರೆ, ಮೇಣದ ಬತ್ತಿ ಎಲ್ಲ ಚೆಲ್ಲಾಪಿಲ್ಲಿ. ಮುಗಿಯಿತು, ಇನ್ನು ಬೆಟ್ಟದ ಪ್ರತಿ ಹುಲ್ಲುಬಣವೆಯನ್ನೂ ಈಟಿಯಿಂದ ಚುಚ್ಚಿ ನೋಡುತ್ತಾರೆ, ನಮ್ಮನ್ನು ಹಡಗಿಗೆ ಹತ್ತಿಸುತ್ತಾರೆ, ಎಲ್ಲವನ್ನೂ ಅವಳ ಬಾಯಿಂದಲೇ ಕಳೆದುಕೊಂಡೆ ಎಂದುಕೊಂಡೆ.

ಆಗ ಒಬ್ಬಳು ಮುದುಕಿ ಅವಳನ್ನು ತಬ್ಬಿಕೊಂಡು, “ಅಯ್ಯೋ ನನ್ನವ್ವಾ, ನನ್ನ ಮಗ ಹೋದಾಗ್ಲೂ ನಾನು ಹಿಂಗೇ ಕೂಗಿದ್ದೆ ಕಣೆ,” ಎಂದು ಅಳತೊಡಗಿದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಹೆಂಗಸರೆಲ್ಲ. “ಅಳಬೇಡ್ರೇ, ಬದುಕಿದ್ದಾನೆ ಅಂತಿದೀನಲ್ಲ!” ಎಂದು ನಿಮ್ಮಮ್ಮ ಗದರಿದಷ್ಟೂ ಅಳು ಹೆಚ್ಚಾಯಿತು. ಪಾದ್ರಿಯೂ ಕಣ್ಣೊರೆಸಿಕೊಂಡ.

ಇವತ್ತು ಕ್ಯಾಪ್ಟನ್ ಬಂದ. ನಾನು ಕಾಫಿ ತರಿಸಿದೆ.

“ಸಾಹುಕಾರ್ರೆ, ನಿಜ ಹೇಳ್ತೀನಿ. ನಿಮ್ಮ ಮೇಲೆ ನನಗೆ ಅನುಮಾನ ಇತ್ತು. ಆ ದಿನ ಗಾಡಿ ಹತ್ರ ನೀವು ಅಳ್ಲಿಲ್ಲ.”

“ನನಗೆ ಅಳು ತಡವಾಗಿ ಬರುತ್ತೆ ಎಫೆಂದಿಯವರೇ.”

“ನನ್ನ ತಮ್ಮ ಯೆಮೆನ್‌ಗೆ ಹೋದ, ಮರಳಲ್ಲೇ ಮಣ್ಣಾದ. ಕಾಗದ ಬಂತು, ಮೊಹರು ಬಂತು. ನಮ್ಮಮ್ಮ ಇವತ್ತಿಗೂ ಅವನಿಗೆ ತಟ್ಟೆ ಇಡ್ತಾಳೆ. ಬದುಕಿದ್ದಾನೆ ಅಂತ ಹಂಗೆ ಕೂಗೋದು ಸತ್ತವನ ತಾಯಿ ಮಾತ್ರ. ನಿನ್ನೆ ನನ್ನ ಅನುಮಾನ ಹೋಯ್ತು. ನಿಮ್ಮ ಹೆಂಡ್ತೀನ ಚೆನ್ನಾಗಿ ನೋಡ್ಕೊಳ್ಳಿ.”

ನಾನು ಅಷ್ಟು ಬೆವರು ಸುರಿಸಿ ಹೇಳಿದ ಸುಳ್ಳನ್ನು ಅವನು ನಂಬಿರಲಿಲ್ಲ. ಅವಳು ಗಂಟಲು ಹರಿದುಕೊಂಡು ಕೂಗಿದ ನಿಜ ಅವನನ್ನು ನಂಬಿಸಿತು. ಈಗ ಅವಳು ನಲ್ಲಿಯ ಬಳಿ, ಸಂತೆಯಲ್ಲಿ, ಸಿಕ್ಕಸಿಕ್ಕವರಿಗೆಲ್ಲ ನೀನು ಬದುಕಿದ್ದೀಯ ಎಂದು ಹೇಳುತ್ತಾಳೆ. ಅವರು ಅವಳ ಕೈ ಸವರಿ, ಮನೆಗೆ ಸೂಪು ಕಳಿಸುತ್ತಾರೆ.

ಪಾದ್ರಿ ಅರ್ಧ ಹೆಸರಷ್ಟೇ ಓದಿದ್ದು, ಅಷ್ಟರಲ್ಲಿ ತಡೆದೆ ಎಂದು ಅವಳಿಗೆ ಸಮಾಧಾನ. ನಾನು ಪೂರ್ತಿ ಕೇಳಿಸಿಕೊಂಡೆ. ಅದನ್ನು ಅವಳಿಗೆ ಹೇಳಿಲ್ಲ.

ಕಾಲು ಹೇಗಿದೆ? ಬರೆ. ಚಿಕ್ಕದಾಗಿಯಾದರೂ ಬರೆ.

ಅಪ್ಪ


ಬೆಟ್ಟದಿಂದ, ೧೯೦೩ ಜನವರಿ ೨೦

ಅಪ್ಪ,

ಹಿಮ ದಾರಿ ಕಟ್ಟಿತ್ತು. ನಿಮ್ಮ ಎರಡು ಕಾಗದಗಳೂ ಒಟ್ಟಿಗೆ ಬಂದವು. ಕಾಲು ನಡೆಯುತ್ತದೆ, ಓಡುವುದಿಲ್ಲ.

ನಮ್ಮ ಲೆಕ್ಕದಲ್ಲಿ ಒಂದು ತಪ್ಪಾಗಿದೆ. ನಿಮ್ಮದಲ್ಲ, ನನ್ನದು.

ಈ ಹಳ್ಳಿಗಳವರು ಹೋದ ಬೇಸಿಗೆಯಲ್ಲಿ ಸುವಾರ್ತೆಯ ಪುಸ್ತಕದ ಮೇಲೆ ಕಠಾರಿಯನ್ನೂ ಪಿಸ್ತೂಲನ್ನೂ ಇಟ್ಟು, ಮೂರನ್ನೂ ಮುಟ್ಟಿ ನನ್ನೆದುರು ಪ್ರಮಾಣ ಮಾಡಿದರು. ಸೈನಿಕ ಬಾವುಟಕ್ಕೆ ಮಾತು ಕೊಡುತ್ತಾನೆ, ಅಧಿಕಾರಿ ಬರುತ್ತಾನೆ ಹೋಗುತ್ತಾನೆ, ಬಾವುಟ ಇರುತ್ತದೆ ಎಂದು ನನಗೆ ಶಾಲೆಯಲ್ಲಿ ಕಲಿಸಿದ್ದರು. ಇವರೂ ಹಾಗೇ ಎಂದುಕೊಂಡೆ. ಹೋದ ವಾರ ಹುಲ್ಲಿನ ಅಟ್ಟದ ಮೇಲೆ ಮಲಗಿದ್ದೆ. ಕೆಳಗೆ ನನ್ನ ಕಡೆಯವನೊಬ್ಬ ಊರ ಗೌಡನಿಗೆ ವಸಂತಕ್ಕೆ ಸಿದ್ಧರಾಗಿ ಎಂದು ಹೇಳುತ್ತಿದ್ದ.

“ಯಾರಿಗೋಸ್ಕರ ಸಿದ್ಧ ಆಗ್ಬೇಕು?” ಎಂದ ಗೌಡ. “ನಾವು ಕುಜ್ಮನ್‌ಗೆ ಮಾತು ಕೊಟ್ಟಿದ್ವಿ. ಮಾತು ತಗೊಂಡೋನು ಮಣ್ಣಿಗೆ ಹೋದ, ಮಾತೂ ಅವನ ಜೊತೆ ಹೋಯ್ತು. ದೇವರ ಮುಂದೆ ನಾವೀಗ ಸಾಲ ಇಲ್ದೋರು.”

ಅವನ ತಲೆಯ ಮೇಲೆಯೇ ಇದ್ದೆ ಅಪ್ಪ. ಕೆಮ್ಮು ತಡೆದುಕೊಂಡು ಕೇಳಿದೆ.

ಒಂದು ಹಳ್ಳಿಯವರು ಬಂದೂಕುಗಳನ್ನು ಬಾವಿಗೆ ಎಸೆದರು. ದೆಲ್ಯೊ ಎಂಬ ಹಳೆಯ ದರೋಡೆಕೋರ ಇನ್ನೆರಡು ಹಳ್ಳಿಗಳನ್ನು ಹಿಡಿದುಕೊಂಡಿದ್ದಾನೆ. ನನ್ನ ಉತ್ತರಾಧಿಕಾರಿ ಎಂದು ಹೇಳಿ ಹೆಣ್ಣುಮಕ್ಕಳ ಕಿವಿಯೋಲೆ ಬಿಚ್ಚಿಸುತ್ತಾನೆ. ಬೇರೆ ದಾರಿಯಿಲ್ಲ. ಪ್ರತಿ ಹಳ್ಳಿಗೂ ನನ್ನ ಕೈಬರಹದ ಪತ್ರ ಹೋಗಬೇಕು: ಬದುಕಿದ್ದೇನೆ, ನಿಮ್ಮ ಮಾತು ಹಾಗೇ ಇದೆ ಎಂದು, ನನ್ನ ಸಹಿಯೊಂದಿಗೆ. ಅದು ಹಳ್ಳಿಗೆ ಮುಟ್ಟಿದ ಮಾರನೆಯ ದಿನ ಕ್ಯಾಪ್ಟನ್ ಕೈಯಲ್ಲೂ ಇರುತ್ತದೆ. ಆಗ ಅವನು ನಿಮ್ಮ ಬಾಗಿಲಿಗೆ ಬರುತ್ತಾನೆ.

ಆದ್ದರಿಂದ ಮೊದಲು ನೀವಿಬ್ಬರೂ ಗಡಿ ದಾಟಿ ಕ್ಯೂಸ್ತೆಂದಿಲ್‌ಗೆ, ದೊಡ್ಡಮ್ಮನ ಮನೆಗೆ ಹೋಗಬೇಕು. ಅಲ್ಲಿಂದ ನಿಮ್ಮ ಕಾಗದ ಬರುವವರೆಗೆ ನಾನು ಸಹಿ ಹಾಕುವುದಿಲ್ಲ. ಇದು ನನ್ನ ಮಾತು. ನನ್ನನ್ನು ಒತ್ತಾಯ ಮಾಡಬೇಡಿ.

ಕುಜ್ಮನ್


ವೆಲೆಸ್, ಮಾರ್ಚ್ ೨

ಮಗನೇ,

ಸತ್ತಿರು ಎಂದು ಹೇಳಿದವನು ನಾನೇ. ಬದುಕು ಎಂದು ಹೇಳುವುದಕ್ಕೆ ಇಷ್ಟು ಓಡಾಡಬೇಕಾದೀತು ಎಂದುಕೊಂಡಿರಲಿಲ್ಲ.

ಕ್ಯಾಪ್ಟನ್ ಬಳಿ ಹೋಗಿ, ಗಡಿಯಾಚೆಯ ರೀಲಾ ಮಠಕ್ಕೆ ಹೋಗಿ ಮಗನ ಆತ್ಮಕ್ಕೆ ಪ್ರಾರ್ಥನೆ ಮಾಡಿಸಬೇಕು, ಇಬ್ಬರಿಗೂ ರಹದಾರಿ ಕೊಡಿಸಿ ಎಂದು ಕೇಳಿದೆ.

“ಇಬ್ಬರಿಗೂನಾ?” ಎಂದು ನನ್ನ ಮುಖ ನೋಡಿದ. “ಅಂಗಡಿ ಮುಚ್ಚಿ ತೀರ್ಥಯಾತ್ರೆಗೆ ಹೋಗೋ ವ್ಯಾಪಾರಿನ ನಾನಿನ್ನೂ ನೋಡಿಲ್ಲ ಸಾಹುಕಾರ್ರೆ.”

“ವಯಸ್ಸಾಯ್ತಲ್ಲ ಎಫೆಂದಿಯವರೇ.”

“ನಿಮಗೆ ವಯಸ್ಸಾಗಿಲ್ಲ. ತಾಯಿ ಹೋಗ್ಲಿ. ಅವರ ಕಣ್ಣು ನೋಡೋಕಾಗ್ತಿಲ್ಲ ನನಗೆ. ನೀವು ಇಲ್ಲಿರಿ. ಅವರು ವಾಪಸ್ ಬರ್ತಾರೆ ಅನ್ನೋದಕ್ಕೆ ನೀವೇ ಜಾಮೀನು.”

ಸಹಿ ಹಾಕಿ ಬಂದೆ. ಇಷ್ಟು ಕರುಣೆ, ಇಷ್ಟು ಎಚ್ಚರ ಒಂದೇ ತಲೆಯಲ್ಲಿ ಇರುವವನ ಜೊತೆ ವ್ಯವಹಾರ ಕಷ್ಟ.

ನಿಮ್ಮಮ್ಮ ನಾಳೆ ಹೊರಡುತ್ತಾಳೆ. “ನೀವು ಯಾವಾಗ?” ಎಂದು ಇವತ್ತೊಂದೇ ದಿನ ಎಷ್ಟು ಸಲ ಕೇಳಿದಳೋ. ವಾರದಲ್ಲಿ ಎಂದೆ. ಉಣ್ಣೆ ಕೊಳ್ಳುವ ನೆಪದಲ್ಲಿ ಸ್ಕೋಪ್ಯೆಗೆ ಹೋಗಿ, ಅಲ್ಲಿಂದ ಕುರಿಗಾಹಿಗಳ ಜೊತೆ ಗಡಿ ದಾಟುವ ಯೋಚನೆಯಿದೆ. ನೀನು ದುಡುಕಬೇಡ, ತಡವನ್ನೂ ಮಾಡಬೇಡ. ಇವೆರಡೂ ಹೇಗೆ ಒಟ್ಟಿಗೆ ಆಗುತ್ತವೆ ಎಂದು ನನ್ನನ್ನು ಕೇಳಬೇಡ.

ಅಪ್ಪ


ಕ್ಯೂಸ್ತೆಂದಿಲ್, ಮಾರ್ಚ್ ೨೦

ರೀ,

ಅಕ್ಕನ ಮಗಳು ರೈನಾ ಬರೀತಿದ್ದಾಳೆ, ನಾನು ಹೇಳ್ತಿದೀನಿ. ನಾನು ಹೇಳಿದ್ದನ್ನ ಹೇಳಿದ ಹಂಗೇ ಬರಿ ಅಂದಿದೀನಿ. ನೀನು ಪುಸ್ತಕದ ಭಾಷೆ ಹಾಕಿದ್ರೆ ನಿಮ್ಮ ಚಿಕ್ಕಪ್ಪ ಬರೆಸಿದ್ದು ನಾನಲ್ಲ ಅಂದ್ಕೊಂಡು ಗಾಬರಿ ಬೀಳ್ತಾರೆ ಕಣೆ ಅಂತ.

ಕ್ಷೇಮವಾಗಿ ಬಂದೆ. ಗಡೀಲಿ ಗಂಟು ಬಿಚ್ಚಿ ನೋಡಿದ್ರು. ಕಪ್ಪು ಬಟ್ಟೆ ನೋಡಿ ಮತ್ತೆ ಅವರೇ ಕಟ್ಟಿಕೊಟ್ರು. ಹೇಳಿದ ಮಾತು ಸುಳ್ಳಾಗಬಾರದು ಅಂತ ಮಠಕ್ಕೂ ಹೋಗಿ ಬಂದೆ. ಅಲ್ಲಿ ಮೇಣದ ಬತ್ತಿ ಹಚ್ಚೋಕೆ ಎರಡು ಜಾಗ ಅಲ್ವಾ, ಬದುಕಿರೋರಿಗೆ ಮೇಲೆ, ಸತ್ತೋರಿಗೆ ಕೆಳಗೆ ಮರಳಲ್ಲಿ. ನಾನು ಮೇಲೆ ಹಚ್ಚಿದೆ. ಒಬ್ಬ ಸನ್ಯಾಸಿ ನನ್ನ ಕಪ್ಪು ನೋಡಿ, ಪಾಪ ಅಂತ, ತೆಗೆದು ಕೆಳಗೆ ಮರಳಿಗೆ ಚುಚ್ಚಿದ. ನಾನು ಮತ್ತೆ ಮೇಲಿಟ್ಟೆ. ಅವನು ಮತ್ತೆ ಕೆಳಗೆ. “ಅಮ್ಮಾ, ದುಃಖದಲ್ಲಿ ಜಾಗ ಮರೆತಿದೀರಿ,” ಅಂದ. “ಸ್ವಾಮಿ, ನೀವು ಇನ್ನೊಂದ್ಸಲ ಕೈ ಹಾಕಿದ್ರೆ ನಿಮ್ಮ ಗಡ್ಡಕ್ಕೆ ಹಚ್ತೀನಿ,” ಅಂದೆ. ಆಮೇಲೆ ಬರಲಿಲ್ಲ. ಪೂರ್ತಿ ಉರಿದು ಮುಗಿಯೋವರೆಗೆ ಅಲ್ಲೇ ಕಾವಲು ನಿಂತಿದ್ದೆ.

ನೀವ್ಯಾಕೆ ಬಂದಿಲ್ಲ? ವಾರ ಅಂದಿದ್ರಿ.

ಕುಜ್ಮನ್ ಕಡೆಯೋನು ಒಬ್ಬ ಮತ್ತೆ ಮತ್ತೆ ಬಂದು “ತಂದೆ ಬಂದ್ರಾ?” ಅಂತ ಕೇಳಿ ಹೋಗ್ತಾನೆ. ಮುಖ ನೋಡಿದ್ರೆ ನಿದ್ದೆಗೆಟ್ಟೋನ ಹಂಗಿದೆ. ಊಟ ಹಾಕಿ ಕೇಳ್ದೆ. ನೀವು ಬರೋವರೆಗೆ ಸಹಿ ಇಲ್ಲ ಅಂತ ಕುಜ್ಮನ್ ಹಟ ಹಿಡಿದು ಕೂತಿದ್ದಾನಂತೆ. ಅಷ್ಟರಲ್ಲಿ ಆ ಕಳ್ಳ ದೆಲ್ಯೊ ಇನ್ನೊಂದು ಹಳ್ಳಿ ನುಂಗಿದ್ದಾನೆ. ಪಡೆಯೋರೂ ಕೆಲವರು ಅವನ ಕಡೆ ಹೋದ್ರಂತೆ. ಕುಜ್ಮನ್ ಎಲ್ಲಿ ಮಲಗ್ತಾನೆ ಅನ್ನೋದು ಹೋದೋರಿಗೆ ಗೊತ್ತು. “ಅಮ್ಮ, ಹಳ್ಳಿಯೋರು ಸುತ್ತ ಇಲ್ದೆ ಇದ್ರೆ ಅವರನ್ನ ಒಂದು ಬಾಟ್ಲಿ ರಾಕಿಯಾಕ್ಕೆ ಹಿಡಿದು ಕೊಡ್ತಾರೆ,” ಅಂದ ಹುಡುಗ.

ಬೇಗ ಬನ್ನಿ. ಅಂಗಡಿ ಹಾಳಾಗಿ ಹೋಗ್ಲಿ.

ವೆಲಿಕಾ

(ಚಿಕ್ಕಪ್ಪ, ಹೇಳಿದ ಹಾಗೇ ಬರೆದಿದ್ದೇನೆ. ಚಿಕ್ಕಮ್ಮ ಹಗಲೆಲ್ಲ ರಸ್ತೆಯ ಕಡೆಯ ಕಿಟಕಿಯಲ್ಲೇ ಕೂತಿರುತ್ತಾರೆ. ರೈನಾ)


ವೆಲೆಸ್, ಮಾರ್ಚ್ ೩೦

ವೆಲಿಕಾ,

ಇದನ್ನು ರೈನಾ ಓದಿ ಹೇಳುವಾಗ ಮನೆಯಲ್ಲಿ ಬೇರೆ ಯಾರೂ ಇರಬಾರದು. ಮೊದಲು ಕೂತುಕೋ.

ನಾನು ಬರುವುದಿಲ್ಲ.

ಸ್ಕೋಪ್ಯೆಗೆ ಹೋಗಲು ರಹದಾರಿ ಕೇಳಿದೆ. ಕ್ಯಾಪ್ಟನ್ ನಗುತ್ತಾ, ಉಣ್ಣೆಯನ್ನು ಇಲ್ಲಿಗೇ ತರಿಸಿಕೊಡುತ್ತೇನೆ ಎಂದ. ಅವತ್ತಿನಿಂದ ಎದುರು ಕಟ್ಟೆಯ ಮೇಲೆ ಅವನ ಕಡೆಯವನೊಬ್ಬ ಕೂತಿರುತ್ತಾನೆ. ನನ್ನ ಖರ್ಚಿನಲ್ಲೇ ಕಾಫಿ ಕುಡಿಯುತ್ತಾನೆ, ನಾನು ಎದ್ದರೆ ಏಳುತ್ತಾನೆ. ನಾನು ಒಂದು ಹೊತ್ತು ಕಾಣದಿದ್ದರೆ ತಂತಿ ಹೋಗುತ್ತದೆ. ನನ್ನ ಮಂಡಿಗಳಿಗಿಂತ ತಂತಿ ಬೇಗ ಓಡುತ್ತದೆ. ಹಿಡಿದರೆ ಯಾಕೆ ಓಡಿದೆ ಎಂದು ಕೇಳುತ್ತಾರೆ, ಕೇಳುವ ರೀತಿ ನಿನಗೆ ಗೊತ್ತು. ಕುಜ್ಮನ್ ಬದುಕಿದ್ದಾನೆ ಎಂಬುದು ಅವನು ಸಿದ್ಧವಾಗುವ ಮೊದಲೇ ಹೊರಬೀಳುತ್ತದೆ.

ಬದಲಿಗೆ ನಾನು ಇಲ್ಲಿ ಅಂಗಡಿಯಲ್ಲಿ ಕಣ್ಣಿಗೆ ಕಾಣುತ್ತ ಕೂತಿದ್ದರೆ, ನೀನು ಬರುತ್ತೀಯ ಎಂದು ಕ್ಯಾಪ್ಟನ್ ನಂಬಿರುತ್ತಾನೆ. ಬೆಟ್ಟದ ಕಡೆ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ನಮ್ಮ ಹುಡುಗ ಸಹಿ ಹಾಕಿ, ಹಳ್ಳಿಗಳನ್ನು ಸುತ್ತ ಕಟ್ಟಿಕೊಳ್ಳಲಿ.

ಅವನು ಯಾವುದಕ್ಕೆ ಕಾಯುತ್ತಿದ್ದಾನೋ ಅದನ್ನು ಕೊಡದೆ ಅವನು ಸಹಿ ಹಾಕುವುದಿಲ್ಲ. ಅವನಿಗೆ ಬಂದಿರುವುದು ನಿನ್ನ ಹಟ, ನನ್ನದಲ್ಲ. ಆದ್ದರಿಂದ ಇದರೊಳಗೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಇಲ್ಲಿ ಕೂತೇ ಬರೆದದ್ದು, ಆದರೆ ಮೇಲೆ ನೀನಿರುವ ಊರಿನ ಹೆಸರು ಹಾಕಿದ್ದೇನೆ, ಈಸ್ಟರ್ ಆದ ಮೇಲಿನ ತಾರೀಖು ಹಾಕಿದ್ದೇನೆ. ಹಬ್ಬ ಮುಗಿಯಲಿ, ಆಮೇಲೆ ಅವನ ಕಡೆಯವನ ಕೈಗೆ ಕೊಡು. ನಾನೆಲ್ಲಿ ಎಂದು ಆ ಹುಡುಗ ಕೇಳಿದರೆ ಕಾಫಿ ಅಂಗಡಿಗೆ ಹೋಗಿದ್ದಾರೆ ಎನ್ನು.

ಕೊನೆಯಲ್ಲಿ ನಿನಗೆಂದು ಸ್ವಲ್ಪ ಜಾಗ ಬಿಟ್ಟಿದ್ದೇನೆ. ನನ್ನ ಮಾತನ್ನು ಅವನು ಯಾವಾಗಲೂ ಅರ್ಧ ಕಳೆದೇ ನಂಬುವುದು. ನೀನು ಸುಳ್ಳು ಹೇಳುವವಳಲ್ಲ ಎಂದು ಅವನಿಗೆ ಗೊತ್ತು, ಊರಿಗೆಲ್ಲ ಗೊತ್ತು. ನೀನು ಬರೆಸಿದರೆ ಸಹಿ ಬೀಳುತ್ತದೆ. ಬರೆಸದಿದ್ದರೆ ಕಾಗದವನ್ನು ಒಲೆಗೆ ಹಾಕು, ನಾನು ತಪ್ಪು ತಿಳಿಯುವುದಿಲ್ಲ. ಇದನ್ನು ನಾನು ಆಜ್ಞೆ ಮಾಡಲಾರೆ. ಗೋಧಿಯ ವಿಷಯದಲ್ಲಿ ಮಾಡಿ ನೋಡಿದ್ದೇನಲ್ಲ.

ನನ್ನ ಬಗ್ಗೆ ಬಹಳ ಯೋಚಿಸಬೇಡ. ಗುಂಡು ಹೊಡೆಯುವುದಿಲ್ಲ, ವಯಸ್ಸಾದ ವ್ಯಾಪಾರಿಗಳನ್ನು ಹಡಗು ಹತ್ತಿಸುತ್ತಾರೆ, ಅಷ್ಟೇ. ಅನಾತೋಲಿಯಾದಲ್ಲೂ ಜನ ಬಟ್ಟೆ ಉಡುತ್ತಾರೆ.

ಕೋಳಿಗಳನ್ನು ಪಾದ್ರಿಯ ಹೆಂಡತಿಗೆ ಕೊಟ್ಟೆ. ಮನೆಯಲ್ಲಿ ಸದ್ದೇ ಇಲ್ಲ.

ಜಫಿರ್


ಕ್ಯೂಸ್ತೆಂದಿಲ್, ಏಪ್ರಿಲ್ ೯

ಮಗನೇ ಕುಜ್ಮನ್,

ಬಂದೆ. ಈಸ್ಟರ್‌ಗೆ ಮೊದಲೇ ಬಂದು ಸೇರಿಕೊಂಡೆ. ಸ್ಕೋಪ್ಯೆಯವರೆಗೆ ರೈಲು, ಆಮೇಲೆ ಕುರಿಗಾಹಿಗಳ ಜೊತೆ. ನಿನ್ನ ಅಪ್ಪ ಕುರಿ ಕಾಯುವವನ ಕಂಬಳಿ ಹೊದ್ದು ಬೆಟ್ಟ ಹತ್ತಿದ್ದನ್ನು ನೀನು ನೋಡಬೇಕಿತ್ತು. ಕಂಬಳಿಯ ನೇಯ್ಗೆ ಬಹಳ ಸಡಿಲ, ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಕುರಿಗಳು ನನಗಿಂತ ಚೆನ್ನಾಗಿ ಹತ್ತಿದವು.

ಹಬ್ಬ ಚೆನ್ನಾಗಿ ಆಯಿತು. ಕೆಂಪು ಮೊಟ್ಟೆ ಕುಟ್ಟುವ ಪಂದ್ಯದಲ್ಲಿ ನಿಮ್ಮಮ್ಮನ ಮೊಟ್ಟೆ ಎಲ್ಲರದನ್ನೂ ಒಡೆದು ಗೆದ್ದಿತು. ಮರದ ಮೊಟ್ಟೆ ತಂದಿದ್ದಾಳೆ ಎಂದು ನಾನು ಜಗಳ ತೆಗೆದೆ. ನಿನ್ನ ದೊಡ್ಡಮ್ಮನ ಕಾಫಿ ನೀರಿಗಿಂತ ತೆಳು, ಆದರೆ ಅಂಗಳದ ಪ್ಲಮ್ ಮರಗಳೆಲ್ಲ ಹೂ ಬಿಟ್ಟಿವೆ. ಬೀದಿಯಲ್ಲಿ ನಿನ್ನ ಹಳೆಯ ರೆಜಿಮೆಂಟಿನವರು ಹಾದು ಹೋಗುತ್ತಾರೆ. ನಾನು ಯಾರ ಅಪ್ಪ ಎಂದು ಯಾರಿಗೂ ಹೇಳಿಲ್ಲ. ಹೇಳಬೇಕೆಂದು ಬಾಯಿ ತುರಿಸುತ್ತದೆ. ನನ್ನ ಎದುರು ಯಾರೂ ಕಾವಲು ಕೂತಿಲ್ಲ. ರಾತ್ರಿ ನಿದ್ದೆ ಬರುತ್ತದೆ.

ನಿನ್ನ ಷರತ್ತು ಪೂರ್ತಿಯಾಯಿತು. ಇನ್ನು ಒಂದು ದಿನವೂ ಕಾಯಬೇಡ. ಎಲ್ಲ ಹಳ್ಳಿಗಳಿಗೂ ಒಂದೇ ದಿನ ಪತ್ರ ಮುಟ್ಟಲಿ. ಹೆಸರನ್ನು ಪೂರ್ತಿ ಬರೆ, ಅಕ್ಷರ ದೊಡ್ಡದಾಗಿರಲಿ, ಓದು ಬಾರದವನೂ ನೋಡಿ ಗುರುತು ಹಿಡಿಯುವ ಹಾಗೆ. ಆ ಸ್ಟಾಮೆನ್‌ನ ಹೆಸರನ್ನೂ ಅವನ ಊರಿಗೆ ಬರೆದು ತಿಳಿಸು, ಅವನದನ್ನು ಅವನಿಗೆ ವಾಪಸ್ ಕೊಡು.

ಊಟಕ್ಕೆ ಕರೆಯುತ್ತಿದ್ದಾಳೆ. ತಡಮಾಡಿದರೆ ಸಾರು ತಣ್ಣಗಾಗುತ್ತದೆ, ಅವಳು ಬಿಸಿಯಾಗುತ್ತಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಪ್ಪ,
ಜಫಿರ್

ಕುಜ್ಮನ್, ಇದು ಅಮ್ಮ, ರೈನಾ ಕೈಲಿ ಬರೆಸ್ತಿದೀನಿ. ನಿಮ್ಮಪ್ಪ ಇಲ್ಲೇ ಇದ್ದಾರೆ ಕಣೋ. ನನ್ನ ಕಣ್ಣೆದುರಿಗೇ ಕೂತು ಉಣ್ತಿದ್ದಾರೆ. ಸಾರಿಗೆ ಉಪ್ಪು ಕಮ್ಮಿ ಅಂತ ಬೈತಿದ್ದಾರೆ.